ಮಣ್ಣಿಗೆ ಹೋಗದ ಮಗ

"ಬಾಯಿ ತೆಗಿ, ಕುಬಾತ್."

ಚಟ ಬಿಡಿಸಲು ದಿನಾ ಕೊಡುವ ಮೆಥಡೋನ್ ಔಷಧಿ ನುಂಗಿದ್ದನ್ನು ನರ್ಸ್ ರಾಹಿಮಾಗೆ ತೋರಿಸಲು ಕುಬಾತ್ ಬಾಯಿ ತೆರೆದ. ಈ ಸಲ ಹೆರಾಯಿನ್ ಬಿಟ್ಟಾಗಿನಿಂದ, ಹನ್ನೊಂದು ತಿಂಗಳು, ಓಶ್ ನಗರದ ಆಸ್ಪತ್ರೆಯ ಈ ಕಿಟಕಿಯ ಮುಂದೆಯೇ ಅವನಿಗೆ ಬೆಳಗಾಗುತ್ತಿತ್ತು. ಇವತ್ತು ಅವನು ಅಲ್ಲಿಂದ ಕದಲಲಿಲ್ಲ.

"ಬೆಳಗಿನ ಜಾವ ಅಪ್ಪ ಹೋಗ್ಬಿಟ್ರು. ನಾಳೆ ಊರಲ್ಲಿ ಮಣ್ಣು. ನಾಕು ದಿನದ ಔಷಧಿ ಕೈಗೆ ಕೊಡಿ, ನಿಮ್ಮ ದಮ್ಮಯ್ಯ."

ರಾಹಿಮಾ ಖಾಲಿ ಲೋಟ ಎತ್ತಿಟ್ಟಳು. "ಕೈಗೆ ಕೊಡೋ ಹಾಗಿಲ್ಲ ಕಣಪ್ಪಾ. ನಾಳೇನೇ ವಾಪಸ್ ಬರೋಕಾಗಲ್ವಾ?"

"ಘಾಟಿ ಮೇಲೆ ಹಿಮ ಬೀಳ್ತಿದೆ. ಹತ್ತಿದೋರು ಯಾವಾಗ ಇಳೀತಾರೋ."

ಎರಡು ವರ್ಷದ ಹಿಂದೆ, ಮೊದಲ ಸಲ ಚಟ ಬಿಟ್ಟಿದ್ದಾಗ, ಹೀಗೇ ಊರಲ್ಲಿ ಸಿಕ್ಕಿಕೊಂಡಿದ್ದ. ಔಷಧಿಯಿಲ್ಲದೆ ಮೂರು ದಿನ ಮೂಳೆ ಮೂಳೆ ನೊಂದು, ನಾಲ್ಕನೆಯ ದಿನ ಓಶ್‌ಗೆ ಇಳಿದವನು ನೇರ ಹೆರಾಯಿನ್ ಮಾರುವ ಹಳೆಯ ಗೆಳೆಯನ ಬಾಗಿಲು ತಟ್ಟಿದ್ದ.

ಗೇಟಿನಾಚೆ ಚಿಕ್ಕಪ್ಪನ ಮಗ ಬಾಕಿತ್ ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದ. "ಹತ್ತೋ ಬೇಗ! ನಿನ್ನಮ್ಮನ ಮಣ್ಣಿಗಂತೂ ಬರ್ಲಿಲ್ಲ, ಸೂಜಿ ಚುಚ್ಕೊಂಡು ಎಲ್ಲೋ ಬಿದ್ದಿದ್ದೆ. ಈಗ್ಲೂ ಇಲ್ವಾ? ಒಬ್ಬನೇ ಮಗ ಕಣೋ ನೀನು."

ಕುಬಾತ್ ಕಾರಿನ ಬಾಗಿಲು ಹಿಡಿದುಕೊಂಡೇ ಅಕ್ಕ ಬುರುಲ್‌ಗೆ ಫೋನ್ ಮಾಡಿದ.

"ಬರಬೇಡ," ಎಂದಳು ಅಕ್ಕ. ಹಿಂದೆ ಹೆಂಗಸರು ಅಳುವುದು ಕೇಳುತ್ತಿತ್ತು. "ನನ್ನ ಮಗ ಗೆದ್ದ ಅಂತ ಅಪ್ಪ ಊರ ತುಂಬ ಹೇಳ್ಕೊಂಡು ತಿರುಗ್ತಿದ್ರು. ಅದನ್ನ ಸುಳ್ಳು ಮಾಡ್ಬೇಡ."

"ಜನ ಏನಂತಾರೆ ಅಕ್ಕಾ?"

"ಅಂತಾರೆ. ನಾನು ಅನ್ನಿಸ್ಕೋತೀನಿ ಬಿಡು."

ಕುಬಾತ್ ಕಾರಿನ ಬಾಗಿಲು ಮುಚ್ಚಿ ಹಿಂದೆ ಸರಿದ. ಬಾಕಿತ್ ನೆಲಕ್ಕೆ ಉಗುಳಿ, ಕಾರು ಹೊರಡಿಸಿದ.

ಮರುದಿನ ಕುಬಾತ್ ಔಷಧಿ ಕುಡಿದ, ಬಾಯಿ ತೆರೆದು ತೋರಿಸಿದ, ಆದರೆ ಮನೆಗೆ ಹೋಗಲಿಲ್ಲ. ಹೊತ್ತು ನೆತ್ತಿಗೇರಿ ಮಣ್ಣು ಮಾಡುವ ವೇಳೆಯಾದಾಗ ಆಸ್ಪತ್ರೆಯ ಹಿತ್ತಲಿಗೆ ನಡೆದು, ತನ್ನೂರಿರುವ ದಕ್ಷಿಣದ ಬೆಟ್ಟಗಳಿಗೆ ಮುಖಮಾಡಿ ನಿಂತ. ಅವರ ಕಡೆ ತಂದೆಯನ್ನು ಕಳೆದುಕೊಂಡ ಗಂಡುಮಕ್ಕಳು ಮನೆಯ ಮುಂದೆ ನಿಲ್ಲುವ ಹಾಗೆ ಸೊಂಟದ ಮೇಲೆ ಕೈಯಿಟ್ಟು, ಬಾಗಿ, ದನಿ ತೆಗೆದು ಅತ್ತ. "ಅಪ್ಪಾ, ನನ್ನಪ್ಪಾ..."

ಔಷಧಿಗಾಗಿ ಕಿಟಕಿಯ ಸಾಲಿನಲ್ಲಿದ್ದ ಮುದುಕ ಗೆನ್ನಾದಿ ರಷ್ಯದವನು. ಅವನಿಗೆ ಈ ಪದ್ಧತಿ ತಿಳಿಯದು. ತನ್ನ ಸರದಿ ಬಿಟ್ಟು ಬಂದು, ಟೋಪಿ ತೆಗೆದು, ಕುಬಾತನ ಪಕ್ಕದಲ್ಲಿ ಸುಮ್ಮನೆ ನಿಂತುಕೊಂಡ.