ಯಾರದೋ ಹಳೇ ಹಾಡು

“ಆ ಹಾಡು ನಮ್ಮ ಮುತ್ತಜ್ಜನ ಕಾಲದ್ದು ಕಣೋ ಆರ್ವಿಲ್. ಸಮುದ್ರ ದಾಟಿ ಹಡಗಲ್ಲಿ ಬಂದಿದ್ದು. ಕಟ್ಟಿದೋರು ಯಾರು ಅಂತ ಈಗ ಯಾರಿಗೆ ಗೊತ್ತು?”

ಕೆನ್ನೆಗೂ ಕುತ್ತಿಗೆಗೂ ನೊರೆ ಬಳಿಸಿಕೊಂಡು, ಕಣ್ಣು ಮುಚ್ಚಿ, ಕ್ಷೌರದ ಕುರ್ಚಿಯಲ್ಲಿ ಒರಗಿದ್ದ ಹೋಬರ್ಟ್ ಮ್ಯಾಗರ್ಡ್ ಈ ಮಾತು ಹೇಳಿದಾಗ ಆರ್ವಿಲ್‌ನ ಕತ್ತಿ ಸರಿಯಾಗಿ ಅವನ ಗಂಟಲ ಮೇಲಿತ್ತು.

ಹೋಬರ್ಟ್ ಆ ಕಣಿವೆಯ ಲಿಟಲ್ ವಿಲ್ಲೋ ಸಭೆಯ ಹಿರಿಯ. ಅವರು ಹಳೇ ಪದ್ಧತಿಯ ಬ್ಯಾಪ್ಟಿಸ್ಟ್ ಕ್ರೈಸ್ತರು, ಸಭೆಯೊಳಗೆ ವಾದ್ಯ ಮುಟ್ಟುವವರಲ್ಲ. ಹಿರಿಯ ಎದ್ದು ನಿಂತು ಒಂದು ಸಾಲನ್ನು ಬಡಬಡನೆ ಎತ್ತಿಕೊಡುತ್ತಾನೆ. ಕೂತ ಜನ ಅದೇ ಸಾಲನ್ನು ಎಳೆದೂ ಎಳೆದೂ, ಹೊರೆ ಹೊತ್ತ ಹೇಸರಗತ್ತೆ ಬೆಟ್ಟ ಹತ್ತುವ ಹಾಗೆ ನಿಧಾನವಾಗಿ ಹಾಡುತ್ತಾರೆ. ಅವರ ಹಾಡಿನ ಪುಸ್ತಕದಲ್ಲಿ ಮಾತು ಮಾತ್ರ ಇರುತ್ತದೆ, ರಾಗದ ಗುರುತು ಇರುವುದಿಲ್ಲ. ರಾಗ ಕಿವಿಯಿಂದ ಕಿವಿಗೆ ಬರಬೇಕು. ಇಪ್ಪತ್ತು ವರ್ಷದ ಮೇಲೆ ಆ ಪುಸ್ತಕ ಮತ್ತೆ ಅಚ್ಚಾಗುವುದರಲ್ಲಿತ್ತು. ಕರಡು ಹಾಳೆಗಳು ಹೋಬರ್ಟನ ತೊಡೆಯ ಮೇಲಿದ್ದವು. ಬಿಳಿ ಬಟ್ಟೆ ಹೊದಿಸುವಾಗ ಆರ್ವಿಲ್ ಕಣ್ಣು ಹಾಯಿಸಿದ್ದ. ಮಣ್ಣು ಮಾಡುವಾಗ ಹಾಡುವ, ಈ ಸಲ ಹೊಸದಾಗಿ ಸೇರಿಸಿದ್ದ ನೂರಾ ಹನ್ನೆರಡನೆಯ ಹಾಡಿನ ಕೆಳಗೆ ‘ಕಟ್ಟಿದವರು ತಿಳಿಯದು’ ಎಂದಿತ್ತು. ಸೋಮವಾರ ಅದು ಅಚ್ಚಿನ ಮನೆಗೆ ಹೋಗಬೇಕು.

“ಅಲ್ಲಾಡ್ಬೇಡ,” ಅಂದ ಆರ್ವಿಲ್.

“ನಾನೆಲ್ಲಿ ಅಲ್ಲಾಡ್ದೆ? ನಿಂತಿರೋದು ನಿನ್ ಕತ್ತಿ.”

ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ಮುದುಕ ಡೆಂಟನ್ ಕಿಸಕ್ಕನೆ ನಕ್ಕ. “ಹುಷಾರು ಬ್ರದರ್ ಹೋಬರ್ಟ್. ಸಭೆ ಮೆಟ್ಟಿಲು ಹತ್ತದೋನ ಕೈಗೆ ಕುತ್ತಿಗೆ ಕೊಟ್ಟಿದ್ದೀರ.”

ಆರ್ವಿಲ್ ಮೂವತ್ತು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದವನು. ಹಾಕು ಅಂದವಳು ಹಿಂದೆ ಅವನ ಜೊತೆ ಹಾಡುತ್ತಿದ್ದ ಓರ್ಲೀನಾ, ಅವನು ಹಾಕಿಕೊಂಡಿದ್ದ. ಆದರೆ ‘ತಿಳಿಯದು’ ಎಂಬುದನ್ನು ಅಚ್ಚಿನಲ್ಲಿ ಕಂಡ ಮೇಲೆ ಆ ಬೀಗ ನಿಲ್ಲಲಿಲ್ಲ. ಅಚ್ಚಾದ ಮೇಲೆ ಇನ್ನು ಇಪ್ಪತ್ತು ವರ್ಷ. ಅಷ್ಟರಲ್ಲಿ ಅವಳೂ ಇರುವುದಿಲ್ಲ, ಹೇಳಲು ತಾನೂ ಇರುವುದಿಲ್ಲ.

“ಅದನ್ನ ಕಟ್ಟಿದೋಳು ಓರ್ಲೀನಾ ಸ್ಟಿಡಮ್,” ಅಂದುಬಿಟ್ಟ. “ಅರವತ್ತೆಂಟನೇ ಇಸ್ವೀಲಿ. ನನ್ನ ಕಾರಿನ ಹಿಂದಿನ ಸೀಟಲ್ಲಿ ಕೂತ್ಕೊಂಡು.”

“ಯಾವ ಓರ್ಲೀನಾ?” ಅಂದ ಹೋಬರ್ಟ್. “ ಸ್ಕೂಲಲ್ಲಿ ಊಟ ಬಡಿಸ್ತಿದ್ದ ಓರ್ಲೀನಾನಾ?”

“ಅವಳೇ.”

“ಜೊತೆಗೆ ಮ್ಯಾಂಡೊಲಿನ್ ಬಾರಿಸಿದೋನು ನೀನು ಅನ್ನೋದನ್ನೂ ಹೇಳ್ಬಿಡಪ್ಪ, ಸಂಕೋಚ ಯಾಕೆ?” ಅಂದ ಡೆಂಟನ್.

“ಹೌದು, ಬಾರಿಸಿದ್ದೆ. ಅದಕ್ಕೇನೀಗ?”

ಹೋಬರ್ಟ್ ಎದ್ದು ಕೂತ. ಒಂದು ಕೆನ್ನೆ ನುಣ್ಣಗಿತ್ತು, ಇನ್ನೊಂದರ ತುಂಬ ನೊರೆ. “ಆರ್ವಿಲ್, ಆ ಹಾಡನ್ನ ಸಭೆಗೆ ತಂದೋನು ನಮ್ಮಪ್ಪ. ಐರಾ ಮ್ಯಾಗರ್ಡ್. ಮಕ್ಕಳ ಟ್ರಾನ್ಸಿಸ್ಟರ್ ತಗೊಂಡೋಗಿ ಹಳ್ಳಕ್ಕೆ ಎಸೆದಿದ್ದ ಮನುಷ್ಯ. ಅವನು ಗಿಟಾರಿನ ಹಾಡು ತಂದು ಸತ್ತೋರ ತಲೆ ಹತ್ರ ನಿಂತು ಎತ್ತಿಕೊಡ್ತಾನಾ?”

“ನನಗೆ ಗೊತ್ತಿರೋದನ್ನ ಹೇಳ್ದೆ.”

“ಸರಿ. ಆಯಮ್ಮನ್ನೇ ಕೇಳ್ತೀನಿ. ಇವತ್ತೇ. ಹೌದು ಅಂದ್ರೆ ಹಾಡನ್ನ ಪುಸ್ತಕದಿಂದ ತೆಗೀಬೇಕಾಗುತ್ತೆ. ಹೆಂಡದಂಗಡೀಲಿ ಕುಣಿಯೋರ ಮುಂದೆ ಹಾಡಿದ್ದನ್ನ ನಮ್ಮೋರು ಬಾಯಿಗೆ ತರಲ್ಲ. ಈಗ ಈ ಕೆನ್ನೆ ಮುಗಿಸು.”

ಆರ್ವಿಲ್‌ಗೆ ತಾನು ಮಾಡಿದ್ದು ಆಗ ಹೊಳೆಯಿತು. ಹಾಡಿನ ಕೆಳಗೆ ಒಂದು ಹೆಸರು ಕೂರಿಸಲು ಹೋಗಿ ಹಾಡನ್ನೇ ಎಬ್ಬಿಸಿಬಿಟ್ಟಿದ್ದ. ಹೋಬರ್ಟ್ ಆಚೆ ಹೋದದ್ದೇ ತಡ, ಅಂಗಡಿಯ ಬಾಗಿಲ ಹಲಗೆಯನ್ನು ‘ಮುಚ್ಚಿದೆ’ ಎಂಬ ಕಡೆಗೆ ತಿರುವಿ ಗಾಡಿಯ ಕೀಲಿಕೈ ಹುಡುಕಿದ.

“ನನ್ನ ತಲೆ?” ಅಂದ ಡೆಂಟನ್.

“ಅದರಲ್ಲಿ ಕತ್ತರಿಸೋಕೆ ಏನುಳಿದಿದೆ? ನಾಳೆ ಬಾ.”

ಹಳ್ಳದ ಪಕ್ಕದ ರಸ್ತೆಯಲ್ಲಿ ಓರ್ಲೀನಾಳ ಮನೆಗೆ ಹನ್ನೊಂದು ಮೈಲಿ. ಹೋಬರ್ಟ್ ಮಧ್ಯೆ ಮನೆಗೆ ಹೋಗಿ ಊಟ ಮಾಡಿ ಬರುವವನು. ಅಷ್ಟರಲ್ಲಿ ಅವಳಿಗೆ ತಾನೇ ಹೇಳಿ ಬೈಸಿಕೊಂಡರೆ ಮೇಲು ಎಂದು ಆರ್ವಿಲ್ ಗಾಡಿ ಓಡಿಸಿದ.

ಅವನು ಸುತ್ತಲ ಮೂರು ರಾಜ್ಯಗಳಲ್ಲಿ ಬಹಳ ಜನರ ಜೊತೆ ಬಾರಿಸಿದವನು. ಕುಡಿದು ಗಲಾಟೆ ಎಬ್ಬಿಸಿದ ಸಭಾಂಗಣವನ್ನು ದನಿ ಏರಿಸದೆ ತಣ್ಣಗೆ ಮಾಡುವವರನ್ನು ಓರ್ಲೀನಾಳನ್ನು ಬಿಟ್ಟು ಇನ್ನೊಬ್ಬರನ್ನು ಕಂಡಿರಲಿಲ್ಲ. ಅವಳು ಏರುತ್ತಿರಲಿಲ್ಲ, ಕೇಳುವವರೇ ಇಳಿದು ಬರುತ್ತಿದ್ದರು. ಹಾಡು ಕಟ್ಟುವುದರಲ್ಲೂ ಅವಳದೊಂದು ಹಠ. ಕಟ್ಟಿದ್ದನ್ನು ನಲವತ್ತು ದಿನ ಕಾಗದಕ್ಕೆ ಇಳಿಸುತ್ತಿರಲಿಲ್ಲ. ಪಾತ್ರೆ ತೊಳೆಯುತ್ತ, ಹಸು ಕರೆಯುತ್ತ ಬಾಯಲ್ಲೇ ಹಾಡಿಕೊಳ್ಳುತ್ತಿದ್ದಳು. ನಲವತ್ತೊಂದನೆಯ ದಿನ ನೆನಪಿನಲ್ಲಿ ಉಳಿದ ಸಾಲುಗಳನ್ನು ಮಾತ್ರ ಬರೆದಿಡುತ್ತಿದ್ದಳು. “ನಾನೇ ಮರೆತ ಸಾಲನ್ನ ಬೇರೆಯೋರು ಯಾಕೆ ನೆನಪಿಟ್ಕೋಬೇಕು?” ಅನ್ನುತ್ತಿದ್ದಳು. ಹಾಗೆ ಉಳಿದವು ಅರವತ್ಮೂರು ಹಾಡು.

ಅವುಗಳಲ್ಲಿ ಹತ್ತನ್ನು ಅರವತ್ತೊಂಬತ್ತನೆಯ ಇಸವಿಯಲ್ಲಿ ಸಿನ್ಸಿನಾಟಿ ನಗರಕ್ಕೆ ಹೋಗಿ ಒಂದೇ ಹಗಲಿನಲ್ಲಿ ರೆಕಾರ್ಡಿಗೆ ಹಾಡಿ ಬಂದರು. ರೆಕಾರ್ಡಿನ ಕಂಪನಿಯವನು, “ಅಮ್ಮಾ, ಈ ಬೆಟ್ಟದ ನಾಲಿಗೆ ಸ್ವಲ್ಪ ತಿದ್ದಿಕೊಂಡರೆ ನಿಮ್ಮ ಹಾಡು ನ್ಯೂಯಾರ್ಕ್ ತನಕ ಓಡುತ್ತೆ” ಅಂದಿದ್ದ. “ನನಗೆ ನಮ್ಮ ಹಳ್ಳದ ತನಕ ಓಡಿದ್ರೆ ಸಾಕು,” ಅಂದಿದ್ದಳು ಓರ್ಲೀನಾ. ಅವಳ ಮಾತಿನಂತೆಯೇ ಆಯಿತು. ಐನೂರು ಗ್ರಾಮಫೋನ್ ತಟ್ಟೆ ಒತ್ತಿಸಿದರು, ಮುನ್ನೂರು ಮಾರಾಟವಾಗದೆ ಉಳಿದವು. ಹಜಾರ್ಡ್ ಪಟ್ಟಣದ ರೇಡಿಯೋದವನೊಬ್ಬ ಮಾತ್ರ, ಬೆಳಗಿನ ಪಾಳಿಗೆ ಕಲ್ಲಿದ್ದಲ ಗಣಿಗೆ ಹೋಗುವವರಿಗೆಂದು, ಈಗ ನೂರಾ ಹನ್ನೆರಡನೆಯದಾಗಿದ್ದ ಆ ಒಂದು ಹಾಡನ್ನು ಐದಾರು ವರ್ಷ ಬಿಡದೆ ಹಾಕಿದ. ಅಷ್ಟರಲ್ಲಿ ಓರ್ಲೀನಾಳ ತಾಯಿಗೆ ಲಕ್ವ ಹೊಡೆದಿತ್ತು. ಗಿಟಾರು ಮಂಚದ ಕೆಳಗೆ ಸೇರಿತು, ಅವಳು ಶಾಲೆಯ ಅಡುಗೆಮನೆ ಸೇರಿದಳು. ಅಲ್ಲಿ ಇಪ್ಪತ್ತೊಂದು ವರ್ಷ ದುಡಿದಳು. ಬೆಲ್ಜಿಯಂನಲ್ಲಿ ಒಬ್ಬ ಅಂಚೆಯವನಿದ್ದಾನೆ. ಎಲ್ಲಿಂದಲೋ ಆ ತಟ್ಟೆ ಸಿಕ್ಕಿ ಪ್ರತಿ ಕ್ರಿಸ್‌ಮಸ್‌ಗೆ ಅವಳಿಗೆ ಕಾರ್ಡು ಕಳಿಸುತ್ತಾನೆ. ಭೂಮಿಯ ಮೇಲೆ ಅವಳ ಹೆಸರು ಬಲ್ಲ ಅಭಿಮಾನಿಗಳೆಂದರೆ ಅವನೊಬ್ಬ, ಆರ್ವಿಲ್ ಒಬ್ಬ.

ಓರ್ಲೀನಾ ಜಗಲಿಯಲ್ಲಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ಎಪ್ಪತ್ತಾರು ವರ್ಷ, ಬೆನ್ನು ಇನ್ನೂ ನೆಟ್ಟಗೆ.

“ಬಾಯಿ ಬಿಟ್ಟೆ ಅಲ್ವಾ?” ಅಂದಳು.

“ನಿನಗೆ ಹೇಗ್ಗೊತ್ತು?”

“ಅಂಗಡಿ ಹೊತ್ತಲ್ಲಿ ಬಂದಿದ್ದೀಯ. ಮುಖ ಬೇರೆ ಕದ್ದು ಹಾಲು ಕುಡಿದ ಬೆಕ್ಕಿನ ಥರ ಇದೆ.”

ಅವನು ಮೆಟ್ಟಿಲ ಮೇಲೆ ಕೂತು ನಡೆದದ್ದೆಲ್ಲ ಒದರಿದ. “ಒಂದು ಕಡೆಯಾದ್ರೂ ನಿನ್ನ ಹೆಸರು ಇರ್ಲಿ ಅಂತ ಹೇಳಿದ್ನೇ ಹೊರತು...”

“ನನ್ನ ಹೆಸರು ಕರೆಂಟ್ ಬಿಲ್ಲಿನ ಮೇಲೆ ತಿಂಗಳು ತಿಂಗಳು ಬರುತ್ತೆ.”

“ತಮಾಷೆ ಬೇಡ ಓರ್ಲೀನಾ.”

“ಮೂವತ್ತು ವರ್ಷದ ಹಿಂದೆ ಸುಮ್ನಿರು ಅಂದ್ನಲ್ಲ, ಯಾಕೆ ಅಂತ ಯಾವತ್ತಾದ್ರೂ ಕೇಳಿದ್ಯಾ?”

“ನಿನಗೆ ನಾಚಿಕೆ ಅಂದ್ಕೊಂಡಿದ್ದೆ.”

“ನನಗಾ! ನಾಚಿಕೆ!” ಅವಳು ಕೈಲಿದ್ದ ಕಾಯನ್ನು ಪಟ್ಟನೆ ಮುರಿದು ಬಟ್ಟಲಿಗೆ ಎಸೆದಳು. “ಹೌದು ಅಂದ್ರೆ ಒಬ್ಬರಿಗೆ ಕೊಟ್ಟ ಮಾತು ಮುರೀತೀನಿ. ಅಲ್ಲ ಅಂದ್ರೆ ಸುಳ್ಳು ಹೇಳ್ತೀನಿ. ಎಂಥ ಜಾಗಕ್ಕೆ ತಂದಿಟ್ಯೋ ಮಾರಾಯ.”

ಯಾರಿಗೆ ಕೊಟ್ಟ ಮಾತು ಎಂದು ಅವನು ಕೇಳುವಷ್ಟರಲ್ಲಿ ಹೋಬರ್ಟನ ಟ್ರಕ್ಕು ಮರದ ಸೇತುವೆ ದಾಟಿತು.

ಹೋಬರ್ಟ್ ಟೋಪಿ ತೆಗೆದು ಜಗಲಿಯ ಕುರ್ಚಿಯ ತುದಿಯಲ್ಲಿ ಕೂತ. “ಸಿಸ್ಟರ್ ಓರ್ಲೀನಾ, ನೇರವಾಗಿ ಕೇಳ್ತೀನಿ. ನೂರಾ ಹನ್ನೆರಡನೇ ಹಾಡು ನೀವು ಕಟ್ಟಿದ್ದಾ?”

“ಎತ್ತಿಕೊಡು,” ಅಂದಳು ಓರ್ಲೀನಾ.

“ಏನು?”

“ಹಾಡು. ಪೂರ್ತಿ ಎತ್ತಿಕೊಡು. ಆಮೇಲೆ ಹೇಳ್ತೀನಿ.”

ಹೋಬರ್ಟ್ ಗಂಟಲು ಸರಿಮಾಡಿಕೊಂಡು, ಸಭೆಯಲ್ಲಿ ಹೇಳುವ ಹಾಗೆಯೇ ಬಡಬಡನೆ ಅಂದ:

ದೀಪ ಹಚ್ಚಿಡು ತಾಯಿ, ನಾ ಬರುವ ದಾರಿಗೆ,
ಬೆಟ್ಟದ ಒಡಲೊಳಗೆ ಹಗಲೆಂಬುದಿಲ್ಲ.

ಓರ್ಲೀನಾ ಅದನ್ನು ಎತ್ತಿಕೊಂಡಳು. ಆರ್ವಿಲ್ ಆ ದನಿ ಕೇಳಿ ವರ್ಷಗಳೇ ಆಗಿದ್ದವು. ಅಂಚು ಸವೆದಿತ್ತು, ನಡು ಹಾಗೇ ಇತ್ತು. ರೆಕಾರ್ಡಿನಲ್ಲಿ ಎರಡೂವರೆ ನಿಮಿಷದಲ್ಲಿ ಮುಗಿದ ಹಾಡು ಇಲ್ಲಿ ಒಂದೊಂದು ಸಾಲಿಗೂ ಒಂದೊಂದು ತಿರುವು ಹತ್ತುತ್ತಿತ್ತು. ಎರಡನೆಯ ಚರಣ, ಮೂರನೆಯ ಚರಣ. ಹೋಬರ್ಟ್ ನಾಲ್ಕನೆಯದನ್ನು ಎತ್ತಿಕೊಟ್ಟ:

ಬಾರದೇ ಹೋದರೆ ದೀಪ ಆರಿಸಬೇಡ,
ಬೇರೆ ಯಾರೋ ಬರುವರು ಅದೇ ದಾರಿಗೆ.

ಓರ್ಲೀನಾ ಹಾಡಲಿಲ್ಲ. ಹೋಬರ್ಟನೊಬ್ಬನೇ ಎಳೆದು ಮುಗಿಸಿದ.

ಆರ್ವಿಲ್ ತಲೆ ಎತ್ತಿದ. ಮಣ್ಣು ಮಾಡುವ ಕಡೆ ಅವನು ಯಾವಾಗಲೂ ದೂರದಲ್ಲಿ, ಕಾರುಗಳ ಹತ್ತಿರ, ಸಿಗರೇಟು ಸೇದುತ್ತ ನಿಲ್ಲುವವನು. ಅಷ್ಟು ದೂರಕ್ಕೆ ಎಳೆದ ಹಾಡಿನ ಮಾತು ಕೇಳುವುದಿಲ್ಲ. ರೆಕಾರ್ಡಿನಲ್ಲಿ ನಾಲ್ಕನೆಯ ಚರಣವೇ ಇರಲಿಲ್ಲ.

“ಮೂರು ನನ್ನವು,” ಅಂದಳು ಓರ್ಲೀನಾ. “ನಾಲ್ಕನೇದು ನಾನು ಕಟ್ಟಿದ್ದಲ್ಲ.”

“ಮತ್ಯಾರು ಕಟ್ಟಿದ್ದು?”

ಅವಳು ಬಟ್ಟಲನ್ನು ಪಕ್ಕಕ್ಕಿಟ್ಟಳು. “ನಿಮ್ಮಣ್ಣ ಲೋನಿ ಗಣೀಲಿ ತೀರಿಕೊಂಡ ವರ್ಷ ಯಾವುದು ಹೋಬರ್ಟ್?”

“ಎಪ್ಪತ್ತೆರಡು. ಅದಕ್ಕೂ ಇದಕ್ಕೂ ಏನು ಸಂಬಂಧ?”

“ಅವನ ಟ್ರಕ್ಕನ್ನ ಆಮೇಲೆ ಓಡಿಸಿದ್ದು ಯಾರು?”

“ಅಪ್ಪ.”

“ಅದರಲ್ಲಿ ರೇಡಿಯೋ ಇತ್ತು.”

“ಇತ್ತು. ಕಿತ್ತು ಹಾಕಿಸ್ತೀನಿ ಅಂತಿದ್ದ.”

“ಕೀಳಿಸ್ಲಿಲ್ಲ. ಲೋನಿ ಯಾವ ಸ್ಟೇಷನ್ನಿಗೆ ತಿರುಗಿಸಿ ಇಟ್ಟಿದ್ನೋ ಅದೇ ಸ್ಟೇಷನ್. ಗುಂಡಿ ಮುಟ್ಟಿದ್ರೆ ಮಗನ ಬೆರಳ ಗುರುತು ಹೋಗ್ಬಿಡುತ್ತೆ ಅಂತ, ಐರಾನೇ ನನಗೆ ಹೇಳಿದ್ದು. ದಿನಾ ಬೆಳಿಗ್ಗೆ ಒಬ್ಬನೇ ಆ ಟ್ರಕ್ಕಲ್ಲಿ ಕೂತು ಕೇಳ್ತಿದ್ನಂತೆ.”

ಹೋಬರ್ಟ್ ಟೋಪಿಯ ಅಂಚನ್ನು ಸುತ್ತಲೂ ಬೆರಳಿನಿಂದ ಸವರುತ್ತ ಕೂತ.

“ಎಪ್ಪತ್ನಾಲ್ಕರಲ್ಲಿ ನಮ್ಮಪ್ಪನ್ನ ಮಣ್ಣು ಮಾಡೋವಾಗ ನಿಮ್ಮಪ್ಪ ಎದ್ದು ನಿಂತು ನನ್ನ ಹಾಡನ್ನೇ ಎತ್ತಿಕೊಟ್ಟ. ಮೂರೂ ಮುಗಿದ್ವು. ನಾಲ್ಕನೇದು ಬಂತು. ಎಲ್ರೂ ಹೋದ್ಮೇಲೆ ಬೇಲಿ ಹತ್ರ ಬಂದು, ‘ಮಗಾ, ನಿನ್ನ ಬಟ್ಟೆಗೆ ಒಂದು ತೇಪೆ ಹಾಕಿದೀನಿ, ಸಿಟ್ಟಾ?’ ಅಂದ. ‘ಬಟ್ಟೆಗಿಂತ ತೇಪೆನೇ ಚೆನ್ನಾಗಿದೆ ಐರಾ’ ಅಂದೆ. ‘ಯಾರಿಗೂ ಹೇಳ್ಬೇಡ’ ಅಂದ. ಹೇಳ್ಲಿಲ್ಲ. ಇವತ್ತು ನೀನು ಮುಂದೆ ಕೂತು ಕೇಳಿದೆ.”

“ಮುತ್ತಜ್ಜನ ಕಾಲದ್ದು ಅಂತ...” ಹೋಬರ್ಟ್ ತಡವರಿಸಿದ. “ಇಲ್ಲ. ಅಪ್ಪ ಹಾಗೆ ಯಾವತ್ತೂ ಹೇಳ್ಲಿಲ್ಲ. ಅವನು ಎತ್ತಿಕೊಟ್ಟಿದ್ದೆಲ್ಲ ಹಳೇದೇ ಅಂತ ನಾವೇ ಅಂದ್ಕೊಂಡ್ವಿ.” ತಲೆ ಎತ್ತಿ, “ನಿಮ್ಮ ಹೆಸರು ಬರೆದ್ರೆ ಅವನದೂ ಬರೀಬೇಕು,” ಅಂದ.

“ಬರೀಬೇಕು. ಅರ್ಧ ಸತ್ಯ ನನಗೆ ಬೇಡ.”

“ಸಭೆಯೋರು ಕೇಳ್ತಾರೆ.”

“ಕೇಳ್ತಾರೆ.”

ಆರ್ವಿಲ್‌ಗೆ ತಡೆಯಲಾಗಲಿಲ್ಲ. “ಹೋಬರ್ಟ್, ತಪ್ಪು ನಂದು. ‘ತಿಳಿಯದು’ ಅಂತಲೇ ಇರ್ಲಿ ಬಿಡು. ಹೆಸರು ಹೋದ್ರೆ ಹೋಗ್ಲಿ, ಹಾಡು ತೆಗೀಬೇಡ. ನಿನ್ನ ಕಾಲು ಹಿಡ್ಕೋತೀನಿ.”

“ನೀನು ಸುಮ್ನಿರಪ್ಪ. ಬೆಳಿಗ್ಗೆ ಮಾತಾಡಿದ್ದೇ ಸಾಕು.” ಹೋಬರ್ಟ್ ಕರಡು ಹಾಳೆ ಹೊರಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. “ಅಪ್ಪನ್ನ ಮಣ್ಣು ಮಾಡೋವಾಗ ಇದನ್ನ ಎತ್ತಿಕೊಟ್ಟೋನು ನಾನು. ನಾಲ್ಕನೇದನ್ನೂ ನಾನೇ ಹೇಳ್ದೆ. ಅವನ ಮಾತನ್ನ ಅವನಿಗೇ ಹೇಳ್ತಿದೀನಿ ಅಂತ ನನಗೇನು ಗೊತ್ತು?”

ಅಂಗಿಯ ಜೇಬಿನಿಂದ ಪೆನ್ನು ತೆಗೆದು, ಇದ್ದದ್ದನ್ನು ಹೊಡೆದುಹಾಕಿ, ಬಗ್ಗಿ ನಿಧಾನವಾಗಿ ಎರಡು ಹೆಸರು ಬರೆದ. “ಕೇಳೋರು ಕೇಳ್ಲಿ. ಹಠದಲ್ಲಿ ಮ್ಯಾಗರ್ಡರೇನು ಕಮ್ಮಿ ಇಲ್ಲ. ಸರಿ ಇದೆಯಾ, ಓದಿ ನೋಡಿ ಸಿಸ್ಟರ್.”

ಓರ್ಲೀನಾ ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಎದ್ದು ನಿಂತೇ ಓದಿದಳು. ಎರಡು ಸಾಲು ಓದುವುದಕ್ಕೆ ಆಗುವ ಹೊತ್ತಿಗಿಂತ ಬಹಳ ಹೆಚ್ಚು ಹೊತ್ತು ಓದಿದಳು.

“ನಿಮ್ಮಪ್ಪನ ಹೆಸರು ಮೇಲೆ ಹಾಕ್ಬೇಕಿತ್ತು.”

“ಬಟ್ಟೆ ಮೊದಲು, ತೇಪೆ ಆಮೇಲೆ,” ಅಂದ ಹೋಬರ್ಟ್.

ಅವಳು ಹಾಳೆಯನ್ನು ಆರ್ವಿಲ್ ಕೈಗೆ ಕೊಟ್ಟು, ಒಳಗೆ ಹೋದಳು. ಜಾಲರಿ ಬಾಗಿಲು ಅವಳ ಹಿಂದೆ ಹಾಕಿಕೊಂಡಿತು. ಅಡುಗೆಮನೆಯಲ್ಲಿ ನಲ್ಲಿ ಬಿಟ್ಟ ಸದ್ದು. ನೀರು ಬಹಳ ಹೊತ್ತು ಸುರಿಯಿತು. ಜಗಲಿಯಲ್ಲಿದ್ದ ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಹಳ್ಳದ ಕಡೆ ನೋಡಿದರು. ಆಮೇಲೆ ಹೋಬರ್ಟ್ ಟೋಪಿಯನ್ನು ನೆಲದ ಮೇಲಿಟ್ಟು, ಅವಳು ಬಿಟ್ಟುಹೋದ ಬಟ್ಟಲನ್ನು ತೊಡೆಗೆ ಎಳೆದುಕೊಂಡು, ಒಂದು ಕಾಯಿ ಎತ್ತಿ ನಾರು ಬಿಡಿಸತೊಡಗಿದ.