ಅಕ್ಕನ ಖಾನಾವಳಿ ಇದ್ದ ಸ್ಟೇಶನ್

ಎಸ್ಕಲೇಟರಿನ ರಬ್ಬರು ಹಿಡಿಕೆ ಮೆಟ್ಟಿಲಿಗಿಂತ ತುಸು ಬೇಗ ಓಡುತ್ತದೆ, ಕೈ ಮುಂದೆ ಹೋಗಿ ಮೈ ಹಿಂದೆ ಉಳಿಯುತ್ತದೆ, ತೆಗೆದು ಮತ್ತೆ ಇಟ್ಟೆ, ಹಿಂದಿದ್ದ ಹುಡುಗಿ ಜರಗಂಡಿ ಅಂಕುಲ್ ಅಂದಳು, ಜರುಗಿದೆ — ಈ ಸ್ಟೇಶನ್ನಿನ ಮೊದಲ ನಕ್ಷೆ ಎಳೆದವನು ನಾನು, ಕಾಶಿನಾಥ, ಸರ್ವೇ ಕಚೇರಿಯ ಡ್ರಾಫ್ಟ್ಸ್‌ಮನ್ ಅಂದರೆ ಇವರಲ್ಲಿ ಯಾರು ನಂಬುತ್ತಾರೆ, ನಂಬಿ ಏನಾಗಬೇಕು. ಆ ನಕ್ಷೆಯಲ್ಲಿ ಸ್ಟೇಶನ್ ನೆಲದ ಕೆಳಗಿತ್ತು, ಅರವತ್ತು ಅಡಿ ಆಳ, ಮೇಲೆ ರಸ್ತೆ ಹಾಗೇ, ಬೇವಿನ ಮರ ಹಾಗೇ, ಮೂಲೆಯಲ್ಲಿ ಸಾವಿತ್ರಕ್ಕನ ಖಾನಾವಳಿ ಹಾಗೇ, ಅಮೀರ್‌ಪೇಟಿನ ಹಾಸ್ಟೆಲ್‌ಗಳಿಂದ ಬೀದರ, ಕಲಬುರಗಿಯ ಹುಡುಗರು ಜೋಳದ ರೊಟ್ಟಿಗೆಂದು ಅಲ್ಲಿಯವರೆಗೆ ನಡೆದು ಬರುತ್ತಿದ್ದರು. ಅಂದೇ ಊಟಕ್ಕೆ ಕೂತಾಗ ಹೇಳಿದೆ, ಅಕ್ಕಾ, ರೈಲು ನೆಲದಾಗ ಹೋಗತೈತಿ, ನಿನ್ನ ಒಲಿ ಬೂದಿನೂ ಅಳ್ಳಾಡಂಗಿಲ್ಲ. ಖರೇ ಏನೋ ಕಾಶ್ಯಾ, ಅಂದಳು ರೊಟ್ಟಿ ಬಡಿಯುತ್ತಲೇ, ಬಾಜು ಓಣ್ಯಾಗ ಒಂದು ಅಂಗಡಿ ಖಾಲಿ ಐತಿ, ಹಿಡೀಲೇನು, ಬಿಡಲೇನು. ಬಿಡು ಅಂದೆ, ನಾನೇ ಅಂದೆ, ಬಾಯಿ ತುಂಬ ಪುಂಡಿಪಲ್ಯ ಇತ್ತು.

ಎಂಟು ತಿಂಗಳಿಗೆ ನಕ್ಷೆ ಬದಲಾಯಿತು, ಅಡಿಯಲ್ಲಿ ಬರೀ ಬಂಡೆ, ಖರ್ಚು ಜಾಸ್ತಿ, ಕಂಬದ ಮೇಲೆ ಹೋಗಲಿ ಅಂತ ಮೇಲಿನವರು ಬರೆದರು, ಮೇಲೆ ಹೋದ ರೈಲಿಗೆ ಮೆಟ್ಟಿಲು ಬೇಕು, ಲಿಫ್ಟು ಬೇಕು, ಅವಕ್ಕೆ ಜಾಗ ಬೇಕು, ಅಕ್ಕನ ಖಾನಾವಳಿಯ ಮೇಲೆ ಕೆಂಪು ಗೀಟು ಎಳೆದದ್ದೂ ನಾನೇ. ನೋಟಿಸ್ ಹೋಗುವ ತನಕ ಬಾಯಿ ಬಿಡಬೇಡ, ನಿನ್ನ ಬಡ್ತಿಯ ಫೈಲು ನನ್ನ ಟೇಬಲ್ ಮೇಲಿದೆ, ಅಂದರು ಸಾಹೇಬರು. ಬಿಡಲಿಲ್ಲ. ಐದು ತಿಂಗಳು ಅವಳ ಕೈಯಲ್ಲೇ ಉಂಡೆ, ಗಟ್ಟಿ ಮೊಸರು ಬಡಿಸುತ್ತಿದ್ದಳು, ಬ್ಯಾಡ ಅನ್ನಲಿಲ್ಲ — ಬಡ್ತಿ ಬಂತು, ಬರದೆ ಏನು, ಬಂತು. ನೋಟಿಸ್ ಬಂದಾಗ ಬಾಜು ಓಣಿಯ ಅಂಗಡಿ ಮೊಬೈಲ್ ರಿಪೇರಿಯವನ ಪಾಲಾಗಿತ್ತು. ನಿನಗ ಯಾವಾಗ ಗೊತ್ತಾತು, ಕೇಳಿದಳು ಅಕ್ಕ. ನಿನ್ನೆ, ಅಂದೆ. ನೋಟಿಸಿಗೆ ಅಂಟಿಸಿದ ನಕ್ಷೆಯ ಮೂಲೆಯಲ್ಲಿ ನನ್ನ ಸಹಿ, ಐದು ತಿಂಗಳ ಹಿಂದಿನ ತಾರೀಖು, ಅವಳ ಮಗ ಗಟ್ಟಿಯಾಗಿ ಓದಿದ. ಅವಳು ಬೈಯಲಿಲ್ಲ, ಬೈದಿದ್ದರೆ ಆಗುತ್ತಿತ್ತು, ನನ್ನ ತಾಟು ತೊಳೆದು ಬೋರಲು ಹಾಕಿದಳು, ಕಾಚಿಗೂಡದ ಒಂದು ಖೋಲಿಗೆ ಹೋದಳು, ಹನ್ನೆರಡು ವರ್ಷ ಮಂದಿಯ ಮದುವೆಗೆ ರೊಟ್ಟಿ ಬಡಿದು ಕೊಟ್ಟಳು, ನನಗೆ ಒಂದು ಮಾತಿಲ್ಲ.

ಇವತ್ತು ಬೆಳಿಗ್ಗೆ ಅಕ್ಕನ ಸೊಸೆ ಶೈಲಶ್ರೀ ಫೋನ್ ಮಾಡಿದ್ದಳು, ಮಾಮಾ, ಅತ್ತೀಗಿ ಕಣ್ಣಿನ ಆಸ್ಪತ್ರಿ ನಿಮ್ಮ ಕಡೇನ ಐತಿ, ನನಗ ರಜಾ ಸಿಗಲಿಲ್ಲ, ಮೆಟ್ರೋ ಹತ್ತಸ್ತೀನಿ, ನೀವು ಇಳಿಸಿಕೊಳ್ರಿ, ಯಾವ ಸ್ಟೇಶನ್ ಅಂತ ಹೇಳಿಲ್ಲ, ಹೇಳಿದರ ಬರಂಗಿಲ್ಲ ಅವರು — ರೈಲು ಬಂತು, ಬಾಗಿಲು ತೆರೆಯಿತು, ಪೊರೆ ಬಂದ ಎರಡು ಕಣ್ಣು, ಗಾಳಿಯಲ್ಲಿ ತಡಕಾಡುವ ಕೈ, ಹಿಡಿದುಕೊಂಡೆ, ಅಂಗೈ ಇನ್ನೂ ಒರಟು. ಇದು ಯಾವ ಸ್ಟೇಶನ್ನೋ, ಅಂದಳು, ಹನ್ನೆರಡು ವರ್ಷದ ಮೇಲಿನ ಮೊದಲ ಮಾತು. ಅಮೀರ್‌ಪೇಟ್ ಅಕ್ಕಾ, ಅಂದುಬಿಟ್ಟೆ, ಸುಳ್ಳು ನಾಲಿಗೆಯ ಮೇಲೇ ಇತ್ತು. ಅಕ್ಕ ಕೈ ಬಿಡಿಸಿಕೊಂಡಳು. ರೈಲಿನ ಒಳಗ ಸ್ಟೇಶನ್ ಹೆಸರು ಕೂಗಿದರು, ಅಂದಳು ಮೆಲ್ಲಗೆ, ನನ್ನ ಕಣ್ಣ ಹೋಗ್ಯಾವ ಕಾಶ್ಯಾ, ಕಿವಿ ಅಲ್ಲ. ಲಿಫ್ಟಿನಲ್ಲಿ ಇಬ್ಬರೇ, ಅವಳು ಬಾಗಿಲ ಕಡೆ ಮುಖ ಮಾಡಿ, ನಾನು ಅವಳ ಬೆನ್ನಿಗೆ, ಏನಾದರೂ ಹೇಳಬೇಕಿತ್ತು, ತಪ್ಪಾತು ಅನ್ನಬೇಕಿತ್ತು, ಒಂದೇ ಪದ, ಅಷ್ಟರಲ್ಲಿ ನೆಲ ಬಂತು, ಬಾಗಿಲು ತೆರೆಯಿತು, ಹೊರಗೆ ಕಾಲಿಟ್ಟ ಅಕ್ಕ ಗೋಡೆಯ ಮೇಲೆ ಕೈಯಾಡಿಸಿ ನಿಂತಳು, ಬಗ್ಗಿದಳು, ಚಪ್ಪಲಿ ಬಿಟ್ಟಳು, ಇಲ್ಲೇ ಇದ್ದ ಒಲೆಯ ಹತ್ತಿರ ಹೋಗುವಾಗ ಬಿಡುತ್ತಿದ್ದ ಹಾಗೆ. ದಾರಿಲೋ ನಿಲಬಡೊದ್ದು ಅಮ್ಮಾ, ಅನ್ನುತ್ತಿದ್ದಾನೆ ಸೆಕ್ಯುರಿಟಿಯವನು, ದಾರಿಯಲ್ಲಿ ನಿಲ್ಲಬಾರದಂತೆ, ಅವಳು ಕದಲುವುದಿಲ್ಲ, ಆಸ್ಪತ್ರೆಗೆ ಹೊತ್ತಾತು ಅನ್ನಬೇಕು ನಾನು, ಹೊಳೆಯುವ ಗ್ರಾನೈಟಿನ ಮೇಲೆ ಅಕ್ಕನ ಬರಿಗಾಲು, ಜನ ಬಳಸಿಕೊಂಡು ಹೋಗುತ್ತಾರೆ, ಒಡೆದ ಹಿಮ್ಮಡಿ, ಹೊತ್ತಾತು ಅನ್ನಬೇಕು, ನನ್ನ ಕಾಲಲ್ಲಿ ಬೂಟು, ಅಕ್ಕನ ಬರಿಗಾಲು, ಗ್ರಾನೈಟಿನ ಮೇಲೆ, ಬರಿಗಾಲು —