ಕ್ಯಾಂಟೀನಿನ ಸೀಮಂತ

ಮಾಗಿಯ ಚಳಿ ಇನ್ನೂ ಬಿಟ್ಟಿರಲಿಲ್ಲ. ಕೋಳಿ ಕೂಗಿ ಸ್ವಲ್ಪ ಹೊತ್ತಾಗಿತ್ತು, ಬೆಳಕು ಹರಿದಿರಲಿಲ್ಲ. ನನ್ನ ಸೊಸೆ ಶೋಭಾರಾಣಿ ಬಾಗಿಲ ಬಳಿ ಕೂತು ಚಪ್ಪಲಿಗೆ ಕಾಲು ತುರುಕುತ್ತಿದ್ದಳು. ಕಾಲು ಹೋಗುತ್ತಿರಲಿಲ್ಲ. ಪಾದ ಊದಿ ಚರ್ಮ ಮಿಂಚುತ್ತಿತ್ತು. ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಒತ್ತಿದ ಕಡೆ ಗುಳಿ ಬಿತ್ತು, ಬೇಗ ಮೇಲೇಳಲಿಲ್ಲ.

"ಇವತ್ತು ಬಸ್ಸು ಹತ್ತಬೇಡ ಕಣೇ. ಮಾಲೂರಿಗೆ ಹೋಗಿ ತೋರಿಸ್ಕೊಂಡು ಬರಾಣ" ಅಂದೆ.

"ಕೇಳ್ದೆ ರಜ ಹಾಕಿದ್ರೆ ಚಂದ್ರಕಲಕ್ಕ ಬೈತಾರೆ ಅತ್ತಮ್ಮಾ."

"ಬೈದ್ರೆ ಬೈಯ್ಲಿ. ಬೈಗುಳಕ್ಕೆ ಕಾಲು ಊದಲ್ಲ."

ಅವಳಿಗೆ ಆಗ ಏಳು ತಿಂಗಳು. ನರಸಾಪುರದ ಕಂಪನಿಯೊಂದರಲ್ಲಿ ಕೆಲಸ. ಸಾಸಿವೆ ಕಾಳಿನಂಥ ಸ್ಕ್ರೂಗಳನ್ನು ಕೂರಿಸುವುದು, ಅದೂ ಶಿಫ್ಟು ಮುಗಿಯುವ ತನಕ ನಿಂತೇ. ಪಾಯಿಖಾನೆಗೆ ಹೋಗಬೇಕಾದರೆ ಲೈನ್ ಲೀಡರನ್ನು ಕೇಳಬೇಕು. ಪದೇ ಪದೇ ಕೇಳಿದರೆ ಎಲ್ಲರೂ ನಗುತ್ತಾರೆಂದು ಇವಳು ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಬಾಟಲಿ ಹೋದ ಹಾಗೇ ತುಂಬಿಕೊಂಡು ಮನೆಗೆ ವಾಪಸ್ಸು ಬರುತ್ತಿತ್ತು.

ಮಾಲೂರಿನ ಡಾಕ್ಟರಮ್ಮ ತೋಳಿಗೆ ಪಟ್ಟಿ ಸುತ್ತಿ ನೋಡಿದವರು ಮುಖ ಗಂಟಿಕ್ಕಿದರು. "ಬಿ.ಪಿ. ಜಾಸ್ತಿ ಇದೆ. ಇವತ್ತಿಂದಾನೇ ರಜ ಹಾಕು. ನಿಂತು ಮಾಡೋ ಕೆಲಸ ಬೇಡವೇ ಬೇಡ. ತಲೆನೋವು ಬಂದ್ರೆ, ಕಣ್ಣು ಮಂಜಾದ್ರೆ ಓಡಿ ಬಾ. ಇದು ತಮಾಷೆ ಅಲ್ಲ, ನಿನಗೂ ಕಷ್ಟ, ಮಗೂಗೂ ಕಷ್ಟ" ಎಂದು ಚೀಟಿ ಬರೆದುಕೊಟ್ಟರು.

ಆವತ್ತು ಸಂಜೆಯೇ ಚಂದ್ರಕಲಾ ಮನೆಗೆ ಬಂದಳು. ನಮ್ಮ ಬೀದಿಯವಳೇ. ಲಂಗ ಹಾಕಿಕೊಂಡು ನಮ್ಮ ಹಿತ್ತಿಲಲ್ಲಿ ಸೀಬೆಕಾಯಿ ಕದಿಯುತ್ತಿದ್ದ ಹುಡುಗಿ, ಈಗ ಲೈನ್ ಲೀಡರು. ಚೀಟಿಯನ್ನು ನೋಡಿ ಮಡಿಸಿ ಇವಳ ಕೈಗೇ ಕೊಟ್ಟಳು.

"ರಜ ಬೇಡ ಅಂದೋರು ಯಾರು? ಗುರುವಾರ ಆಗ್ಲಿ. ಕಂಪನೀಲಿ ಬಸುರೀರಿಗೆಲ್ಲಾ ಸೀಮಂತ ಇಟ್ಕೊಂಡವ್ರೆ. ಬೆಂಗಳೂರಿಂದ ದೊಡ್ಡ ಸಾರು ಬರ್ತಾರೆ. ನಿನ್ನ ಹೆಸರು ನಾನೇ ಕೊಟ್ಟಿದೀನಿ. ಈಗ ನೀನು ಕೈ ಕೊಟ್ರೆ, ಆಮೇಲೆ ರಜದ ಚೀಟಿಗೆ ಸಹಿ ಹಾಕ್ಸೋಳು ನಾನೇ ಕಣಮ್ಮ, ನೆನಪಿಟ್ಕೋ."

"ತವರಿನ ಬಳೆ ಇನ್ನೂ ಬಿದ್ದಿಲ್ಲ. ಮೊದಲ ಬಳೆ ತಾಯಿ ಮನೇದು" ಅಂದೆ.

"ಅಯ್ಯೋ ದೊಡ್ಡಮ್ಮ, ಬಳೆಗೆ ಎಲ್ಲೀದು ಅಂತ ಗೊತ್ತಾಗ್ತದಾ?" ಎಂದು ನಕ್ಕಳು.

ನನ್ನ ಮಗ ಕದಿರೇಶನೂ ನಕ್ಕ. ಅವನು ಊರಿನ ಡೈರಿಯಲ್ಲಿ ಹಾಲು ಅಳೆಯುತ್ತಾನೆ. "ಗುರುವಾರದ ತನಕ ತಾನೇ? ಹೆಂಗೋ ನಿಂತ್ಕೊತಾಳೆ ಬಿಡಮ್ಮ. ಫೋಟೋ ಬರ್ತದೆ" ಅಂದ. ಶೋಭಾರಾಣಿ ಇಬ್ಬರ ಮುಖವನ್ನೂ ನೋಡಿದಳು. ಡಾಕ್ಟರಮ್ಮನ ಮಾತಿಗೂ ಚಂದ್ರಕಲಾಳ ಸಹಿಗೂ ನಡುವೆ ಸಿಕ್ಕಿಬಿದ್ದು, ಕೊನೆಗೆ ತಲೆ ಆಡಿಸಿದಳು. ಮಾರನೆಯ ದಿನದಿಂದ ಗಂಡನ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಬಸ್ಸು ಹತ್ತಿದಳು.

ಗುರುವಾರ ನಾನೂ ಜೊತೆಗೆ ಹೋದೆ. ಮನೆಯವರು ಒಬ್ಬರು ಬರಬಹುದು ಅಂದಿದ್ದರು. ಕದಿರೇಶನಿಗೆ ಡೈರಿ ಬಿಡಲಾಗಲಿಲ್ಲ. ನನಗೆ ಫೋಟೋದ ಆಸೆ ಇರಲಿಲ್ಲ, ಹುಡುಗಿಯ ನಡಿಗೆ ಸರಿ ಇರಲಿಲ್ಲ.

ಕ್ಯಾಂಟೀನಿನಲ್ಲಿ ಬಲೂನು ಕಟ್ಟಿದ್ದರು. ಹಿಂದಿನ ಊಟದ ಸಾಂಬಾರಿನ ಹುಳಿ ವಾಸನೆ ಇನ್ನೂ ಹೋಗಿರಲಿಲ್ಲ. ಬಸುರಿಯರನ್ನು ಗೋಡೆಯ ಉದ್ದಕ್ಕೆ ಸಾಲಾಗಿ ನಿಲ್ಲಿಸಿದ್ದರು. ಅಲಂಕಾರ ಮಾಡಿದ ಕುರ್ಚಿ ಒಂದೇ. ರೇಷ್ಮೆ ಸೀರೆಯೂ ಒಂದೇ. ಅದು ಕಂಪನಿಯ ಬೀರುವಿನಲ್ಲಿಯೇ ಇರುವ ಸೀರೆಯಂತೆ. ಒಬ್ಬಳಿಗೆ ಯೂನಿಫಾರಂ ಮೇಲೇ ಸುತ್ತಿ ಕೂರಿಸುವುದು, ಫೋಟೋ ಹೊಡೆಯುವುದು, ಬಿಚ್ಚಿ ಮುಂದಿನವಳಿಗೆ ಸುತ್ತುವುದು. ಸೀರೆ ಕಂಕುಳಿಗೆ ತಾಗುವ ಕಡೆ ಯಾವಯಾವಳದೋ ಬೆವರು ಒಣಗಿ ಬಿಳಿ ಗೆರೆ ಕಟ್ಟಿತ್ತು. ಸೆರಗಿನಲ್ಲಿ ಹಳೆಯ ಅರಿಶಿನದ ಕಲೆ. ಮಡಿಲು ತುಂಬುವುದಕ್ಕೂ ಒಂದೇ ತೆಂಗಿನಕಾಯಿ, ಒಂದೇ ಹಣ್ಣಿನ ತಟ್ಟೆ. ಒಬ್ಬಳ ಮಡಿಲಿಗೆ ಹಾಕಿದ್ದನ್ನು ಫೋಟೋ ಆದ ಕೂಡಲೇ ಎತ್ತಿ ಇನ್ನೊಬ್ಬಳ ಮಡಿಲಿಗೆ ಹಾಕುತ್ತಿದ್ದರು. ನನ್ನ ಆಯಸ್ಸಿನಲ್ಲಿ ಎಷ್ಟೋ ಬಡವರ ಮನೆಯ ಸೀಮಂತ ನೋಡಿದ್ದೇನೆ. ಬರೀ ಅಕ್ಕಿ ಬೆಲ್ಲ ಹಾಕಿದವರನ್ನು ಕಂಡಿದ್ದೇನೆ. ತುಂಬಿದ ಮಡಿಲಿನಿಂದ ಕೈ ಹಾಕಿ ವಾಪಸ್ಸು ತೆಗೆದವರನ್ನು ಕಂಡಿರಲಿಲ್ಲ. ಮೂಗಿಗೆ ಸೆರಗು ಮುಚ್ಚಿಕೊಂಡೆ.

ನನ್ನ ಬೋಳು ಹಣೆ ನೋಡಿ ಚಂದ್ರಕಲಾ ಹತ್ತಿರ ಬಂದಳು. "ದೊಡ್ಡಮ್ಮ, ಬೇಜಾರು ಮಾಡ್ಕೋಬೇಡಿ. ನೀವು ಕೈ ತೊಳೆಯೋ ಕಡೆ ನಿಂತ್ಕೊಳ್ಳಿ. ಫೋಟೋದಲ್ಲಿ ಬೀಳಬಾರ್ದು."

ನಿಂತೆ.

ಶೋಭಾರಾಣಿಯ ಸರದಿ ಬಂದಾಗ ಅವಳ ತುಟಿ ಬಿಳಿಚಿತ್ತು. ಊದಿದ ಕೈಗೆ ಹಸಿರು ಬಳೆ ಏರಲಿಲ್ಲ. ಒಬ್ಬಳು ಸೋಪಿನ ನೀರು ಹಚ್ಚಿ, ಗೆಣ್ಣು ಹಿಂಡಿ ಹಿಂಡಿ ಏರಿಸಿದಳು. ಬೆಂಗಳೂರಿನ ಸಾರು ಪಕ್ಕದಲ್ಲಿ ನಿಂತು ಹಲ್ಲು ಬಿಟ್ಟರು. "ನಗಮ್ಮಾ, ನಗು" ಅಂದರು. ನಕ್ಕಳು. ಸಾರು ಅವಳ ಬಾಯಿಗೆ ಕೇಕು ಇಟ್ಟು, ಬೆರಳನ್ನು ಅದೇ ಸೀರೆಗೆ ಒರೆಸಿ, ಫೋನು ಕಿವಿಗಿಟ್ಟುಕೊಂಡು ಹೊರಟರು.

ಅವರು ಬಾಗಿಲು ದಾಟಿದ್ದೇ ತಡ, ಚಂದ್ರಕಲಾ ಚಪ್ಪಾಳೆ ತಟ್ಟಿದಳು. "ನಡೀರಿ ನಡೀರಿ, ಬೇಗ. ಬಳೆ ತೆಗೀರಿ ಎಲ್ಲಾರೂ. ಲೈನಲ್ಲಿ ಗಾಜು ಇರಬಾರ್ದು."

ಬೇರೆಯವರ ಬಳೆ ಜಾರಿ ಬಂದವು. ಶೋಭಾರಾಣಿಯ ಬಳೆ ಬರಲಿಲ್ಲ. ಕೈ ಇನ್ನಷ್ಟು ಊದಿತ್ತು. ಚಂದ್ರಕಲಾ ಎಳೆದಳು. ಆಮೇಲೆ ಕೈ ಒರೆಸುವ ಬಟ್ಟೆಯೊಂದನ್ನು ಮಣಿಕಟ್ಟಿಗೆ ಸುತ್ತಿ, ಚಮಚದ ಹಿಡಿಯಿಂದ ಕುಟ್ಟಿದಳು. ಬಟ್ಟೆಯೊಳಗೆ ಪಟ್ ಅಂದಿತು. ಬಿಳಿ ಬಟ್ಟೆಯ ಮೇಲೆ ಸಣ್ಣಗೆ ಕೆಂಪು ಹರಡಿತು.

ನನ್ನ ಬಳೆ ಒಡೆದದ್ದು ಕೆರೆಯ ದಂಡೆಯಲ್ಲಿ, ನನ್ನ ಗಂಡನ ಚಿತೆ ಆರಿದ ಮೇಲೆ. ಆವತ್ತೂ ಹೀಗೇ ಪಟ್ ಅಂದಿತ್ತು. ಗಂಡ ಬದುಕಿರುವ, ಹೊಟ್ಟೆಯಲ್ಲಿ ಜೀವ ಇರುವ ಹೆಣ್ಣಿಗೆ ಹಾಡುಹಗಲಲ್ಲಿ ಅದನ್ನೇ ಮಾಡುವುದನ್ನು ನೋಡಿದೆ. ಸುತ್ತ ನಿಂತವರು ಕೇಕು ನೆಕ್ಕುತ್ತಿದ್ದರು.

"ಬಿಡೇ ಅವಳ ಕೈನ" ಅಂದೆ.

"ದೊಡ್ಡಮ್ಮ, ಸಾಯಂಕಾಲದ ತನಕ ಅಷ್ಟೇ. ನಾಳೆಯಿಂದ ರಜ ಕೊಡ್ಸ್ತೀನಿ ಅಂದಿಲ್ವಾ?"

ಶೋಭಾರಾಣಿ ತಾನೇ ಕೈ ಕಿತ್ತುಕೊಂಡಳು. ಉಳಿದ ಬಳೆಗಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿ ಹಿಡಿದಳು. "ಇಲ್ಲಕ್ಕಾ. ಡಾಕ್ಟ್ರು ಅವತ್ತಿಂದಾನೇ ಅಂದಿದ್ರು. ಬೆಳಗಿಂದ ನನ್ ಕಣ್ಮುಂದೆ ಮಿಣುಕು ಹುಳ ಹಾರಾಡ್ತಾವೆ. ನಾನು ಲೈನಿಗೆ ಬರಲ್ಲ."

"ಅಂಗಾದ್ರೆ ಸಹಿ ಮರ್ತುಬಿಡು."

"ಮರ್ತೆ."

ಇಬ್ಬರೂ ಗೇಟಿನಿಂದ ಆಚೆ ಬಂದೆವು. ಆಟೋ ಹಿಡಿದು ನೇರ ಮಾಲೂರಿನ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಮಾತ್ರೆ ಕೊಟ್ಟು, ಸಂಜೆಯವರೆಗೂ ಮಲಗಿಸಿಕೊಂಡು ಪಟ್ಟಿ ಸುತ್ತಿ ಸುತ್ತಿ ನೋಡಿದರು. ಬಿ.ಪಿ. ಇಳಿದಿದೆ, ಮಗುವಿನ ಎದೆಬಡಿತ ಸರಿಯಿದೆ ಅಂದರು. "ಇನ್ನೊಂದು ದಿನ ನಿಂತಿದ್ರೆ ನಾನು ಹೇಳೋಕಾಗ್ತಿರ್ಲಿಲ್ಲ. ನೋಡ್ಕೊಳ್ಳೋರು ಇರೋ ಕಡೆ ಎಡಮಗ್ಗುಲಾಗಿ ಮಲಗಿರು" ಅಂದರು.

ಮನೆಗೆ ಬಂದರೆ ಕದಿರೇಶ ಫೋನು ಹಿಡಿದು ಅಂಗಳದಲ್ಲಿ ನಿಂತಿದ್ದ. ಹೆಂಡತಿ ಸಾರಿನ ಪಕ್ಕ ನಗುವ ಫೋಟೋವನ್ನು ಆಗಲೇ ಊರಿಗೆಲ್ಲಾ ಕಳಿಸಿದ್ದ.

"ಚಂದ್ರಕಲಾ ಫೋನ್ ಮಾಡಿದ್ಲು. ಏನ್ ಮಾಡ್ಕೊಂಡ್ ಬಂದೆ? ಡೈರಿ ಜನ ಎಲ್ಲಾ ಫೋಟೋ ನೋಡಿ ಹೊಗಳ್ತಾವ್ರೆ, ನೀನು ನೋಡಿದ್ರೆ ಜಗಳ ಆಡ್ಕೊಂಡು ಬಂದಿದೀಯ!"

ಅವಳ ಮಣಿಕಟ್ಟಿನ ಗಾಯ ಅವನ ಕಣ್ಣಿಗೆ ಬೀಳಲೇ ಇಲ್ಲ. ನಾನು ಹೆತ್ತ ಮುಖ ಅದು. ಅದನ್ನು ನೋಡಿದರೆ ಹೇಸಿಗೆ ಆಗಬಹುದು ಎಂದು ನನಗೆ ಆವತ್ತಿನ ತನಕ ಗೊತ್ತಿರಲಿಲ್ಲ.

ಶೋಭಾರಾಣಿ ಅವನನ್ನು ದಾಟಿ ಒಳಗೆ ಹೋಗಿ ಕೂತಳು. ಡಾಕ್ಟರಮ್ಮನ ಚೀಟಿಯ ಫೋಟೋ ತೆಗೆದು ಕಂಪನಿಯವರಿಗೆ ತಾನೇ ಕಳಿಸಿದಳು. ಆಮೇಲೆ ತವರು ರಾಯಲ್ಪಾಡಿಗೆ ಫೋನು ಮಾಡಿ ತಾಯಿಯ ಹತ್ತಿರ ತೆಲುಗಿನಲ್ಲಿ ಮೆಲ್ಲಗೆ ಮಾತಾಡಿದಳು.

ಬೆಳಿಗ್ಗೆ ಅವಳಪ್ಪ ಚನ್ನರಾಯಪ್ಪ ಕಾರು ಮಾಡಿಕೊಂಡು ಬಂದರು. ಕಾಫಿ ಕುಡಿಯಲಿಲ್ಲ, ಮಗಳ ಕೈ ನೋಡಿ ಬ್ಯಾಗು ಎಲ್ಲಿ ಅಂದರು. ಆಗ ಕದಿರೇಶನಿಗೆ ಶಾಸ್ತ್ರ ನೆನಪಾಯಿತು.

"ಮಾವಾ, ಇವತ್ತು ಬೇಡ. ಇಂಥಾ ದಿನ ಮನೆ ಹೆಣ್ಣು ಹೊರಡಬಾರ್ದು" ಅಂದ.

ನಾನು ಅವಳ ಬ್ಯಾಗು ಎತ್ತಿ ಕಾರಿನೊಳಗೆ ಇಟ್ಟೆ. ಅವಳು ನನ್ನ ಕಾಲು ಮುಟ್ಟಲು ಬಗ್ಗಿದಳು. ಬಗ್ಗಬೇಡ ಎಂದು ಭುಜ ಹಿಡಿದು ಒಳಗೆ ಕೂರಿಸಿದೆ, ಎಡಕ್ಕೆ ಒರಗಿಕೊಳ್ಳುವ ಹಾಗೆ.

ಶೋಭಾರಾಣಿ ನಮ್ಮ ಮನೆಯಿಂದ ಹೋದದ್ದು ಶುಕ್ರವಾರ.